ಒದ್ದೆ ಉಮಿ, ತೆಳು ಗೂಡು: ಇಲಿಮರಿಗಳ ಸೆಳವಿನ ಅಧ್ಯಯನವೊಂದರ ಪ್ರಕರಣ

ಹಿನ್ನೆಲೆ

ಇದು ಕೊಡಗಿನ ಒಂದು ಪ್ರಯೋಗಾಲಯದಲ್ಲಿ ನಡೆದ ಕೆಲಸ. ಸಂಸ್ಥೆ, ಊರು, ವರ್ಷ, ಜನರ ಹೆಸರು ಯಾವುದನ್ನೂ ಹೇಳಿಲ್ಲ. ಗುರುತು ಹತ್ತಬಹುದಾದ ಸಣ್ಣ ವಿವರಗಳನ್ನು ಬದಲಿಸಿದ್ದೇವೆ. ತಂಡದಲ್ಲಿದ್ದವರು ಔಷಧಶಾಸ್ತ್ರದ ಮಾರ್ಗದರ್ಶಕರೊಬ್ಬರು, ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ವಾರಕ್ಕೆರಡು ಸಲ ಬರುವ ಪಶುವೈದ್ಯರು ಮತ್ತು ಪ್ರಾಣಿಗೃಹ ನೋಡಿಕೊಳ್ಳುವ ಇಬ್ಬರು ಸಿಬ್ಬಂದಿ.

ಅವರ ಪ್ರಶ್ನೆ ಹಳೆಯದೇ. ಎಳೆಯ ಮಿದುಳಿಗೆ ಒಂದೇ ಒಂದು ಸಲ ದೀರ್ಘವಾದ ಸೆಳವು (ಫಿಟ್ಸ್) ಬಂದು ಹೋದರೆ, ಆ ಪ್ರಾಣಿ ಬೆಳೆದ ಮೇಲೂ ಸೆಳವಿಗೆ ಬೇಗ ಬಗ್ಗುತ್ತದೆಯೇ? ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಮಾದರಿಯನ್ನು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಟ್ಯಾಲಿ ಬರಾಮ್ ಮತ್ತು ಸಂಗಡಿಗರು 1997ರಲ್ಲಿ ವಿವರಿಸಿದರು. ಹುಟ್ಟಿ 10–11 ದಿನವಾದ ಇಲಿಮರಿಯ ಮೈಬಿಸಿಯನ್ನು ಬೆಚ್ಚನೆಯ ಗಾಳಿಯಿಂದ ಏರಿಸಿದರೆ ಮಕ್ಕಳ ಜ್ವರದ ಸೆಳವನ್ನು ಹೋಲುವ ಸೆಳವು ಬರುತ್ತದೆ. ಆ ವಯಸ್ಸಿನ ಮರಿಯ ಹಿಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ) ಬೆಳವಣಿಗೆಯನ್ನು ಮನುಷ್ಯ ಶಿಶುವಿನ ಮೊದಲ ವರ್ಷಕ್ಕೆ ಹೋಲಿಸುವುದು ವಾಡಿಕೆ. ಈ ಮಾದರಿಯ ಬೆಲೆ ಇರುವುದು ಇನ್ನೊಂದು ಸಂಗತಿಯಲ್ಲಿ. ನರಕೋಶಗಳು ಸಾಯದಿದ್ದರೂ ಅವುಗಳ ಸ್ವಭಾವ ಬದಲಾಗಿರುತ್ತದೆ. ಎಚ್‌ಸಿಎನ್ ಎಂಬ ಅಯಾನು ಕಾಲುವೆಗಳಲ್ಲಿ, ಎಂದರೆ ನರಕೋಶದ ಪೊರೆಯಲ್ಲಿ ವಿದ್ಯುತ್ ಕಣಗಳು ಹಾಯುವ ದಾರಿಗಳಲ್ಲಿ, ಆಗುವ ಮಾರ್ಪಾಟು ಸೆಳವು ನಿಂತ ಎಷ್ಟೋ ವಾರಗಳ ಮೇಲೂ ಉಳಿದಿರುವುದನ್ನು ಅದೇ ಪ್ರಯೋಗಾಲಯ ತೋರಿಸಿತು.

ಕೊಡಗಿನ ತಂಡ ಮೊದಲ ಸುತ್ತಿಗೆ 8 ಸೂಲುಗಳನ್ನು (ಒಂದು ತಾಯಿ ಒಂದು ಸಲಕ್ಕೆ ಹಾಕಿದ ಮರಿಗಳು ಒಂದು ಸೂಲು) ತೆಗೆದುಕೊಂಡಿತು. ಪ್ರತಿ ಸೂಲನ್ನೂ ಹುಟ್ಟಿದ ಮರುದಿನ 8 ಮರಿಗೆ ಇಳಿಸಲಾಯಿತು. ನಾಲ್ಕು ಸೂಲು ಸೆಳವಿನ ಗುಂಪಿಗೆ, ನಾಲ್ಕು ಹೋಲಿಕೆಯ ಗುಂಪಿಗೆ. ಜೂನ್ ಕೊನೆಗೆ ಹೆರಿಗೆ, ಜುಲೈ ಮೊದಲ ವಾರದಲ್ಲಿ ಬಿಸಿಗಾಳಿ, 60 ದಿನ ತುಂಬಿದಾಗ, ಎಂದರೆ ಆಗಸ್ಟ್ ಕೊನೆಯಿಂದ, ಸೆಳವಿನ ಹೊಸ್ತಿಲು (ಸೆಳವು ತರಿಸಲು ಎಷ್ಟು ರಾಸಾಯನಿಕ ಬೇಕೆಂಬುದು) ಅಳೆಯುವುದು. ಪ್ರಾಣಿ ಪ್ರಯೋಗಗಳ ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿತ್ತು. ಕಾಗದದ ಮೇಲೆ ಎಲ್ಲ ಸರಿಯಿತ್ತು.

ಬಿಸಿಗಾಳಿಯ ದಿನ

3 ಲೀಟರಿನ ಗಾಜಿನ ಜಾಡಿ. ತಳಕ್ಕೆ ನೀರು ಹೀರುವ ಕಾಗದ, ಇಲ್ಲದಿದ್ದರೆ ಮರಿಯ ಹೊಟ್ಟೆ, ಪಾದ ಸುಡುತ್ತದೆ. ಜಾಡಿಯ ತಳದಿಂದ ಸುಮಾರು 50 ಸೆಂ.ಮೀ. ಮೇಲೆ ಹೇರ್ ಡ್ರೈಯರ್. ಪ್ರತಿ 2 ನಿಮಿಷಕ್ಕೊಮ್ಮೆ ಗುದದ್ವಾರದಲ್ಲಿ ಸಣ್ಣ ತಾಪಮಾಪಕ ಕಡ್ಡಿ ಇಟ್ಟು ಒಳಬಿಸಿ ನೋಡಬೇಕು. ಕಡ್ಡಿ ಪ್ರತಿ ಸಲವೂ ಒಂದೇ ಆಳಕ್ಕೆ ಹೋಗಲಿ ಎಂದು ಅದರ ಮೇಲೆ ಗುರುತು ಹಾಕಿಕೊಂಡಿದ್ದರು. ಒಳಬಿಸಿಯನ್ನು 39.5ರಿಂದ 41 ಡಿಗ್ರಿ ಸೆಲ್ಸಿಯಸ್ ನಡುವೆ 30 ನಿಮಿಷ ಹಿಡಿದಿಡುವುದು ಗುರಿ. 41 ದಾಟಿದರೆ ತಕ್ಷಣ ಮರಿಯನ್ನು ತಣ್ಣನೆಯ ಲೋಹದ ತಟ್ಟೆಗೆ ವರ್ಗಾಯಿಸಬೇಕು.

ಸೆಳವನ್ನು ಗುರುತಿಸುವುದೇ ಇಲ್ಲಿ ಕಷ್ಟದ ಕೆಲಸ. ಬಿಸಿ ಏರುತ್ತಿದ್ದಂತೆ ಮರಿ ಜಾಡಿಯ ಗೋಡೆಗೆ ಮೂತಿ ಒತ್ತುತ್ತ ಸುತ್ತು ಹೊಡೆಯುತ್ತದೆ. ಅದು ಬರೀ ಬಿಸಿಗೆ ಆದ ಚಡಪಡಿಕೆ. ಆಮೇಲೆ ನಡೆಯುತ್ತಿದ್ದ ಮರಿ ಎತ್ತಿದ ಕಾಲು ಎತ್ತಿದಂತೆಯೇ ನಿಂತುಬಿಡುತ್ತದೆ. ಬೆರಳಿನಿಂದ ಮುಟ್ಟಿದರೂ ಕದಲುವುದಿಲ್ಲ. ಕೆಳದವಡೆ ಮಾತ್ರ ಏನನ್ನೋ ಅಗಿಯುತ್ತಿರುವಂತೆ ಆಡತೊಡಗುತ್ತದೆ. ಸೆಳವು ಶುರುವಾದ ಕ್ಷಣ ಅದು. ಕೆಲವು ನಿಮಿಷ ಬಿಟ್ಟು ಮೈ ಒಂದು ಕಡೆಗೆ ಬಾಗಿ ಬಿಗಿಯುತ್ತದೆ. ಕೈಕಾಲು ಒದರುವುದನ್ನೇ ಕಾಯುತ್ತ ಕೂತವರಿಗೆ ಮೊದಲ ಹತ್ತು ನಿಮಿಷದ ಸೆಳವು ಕಾಣುವುದೇ ಇಲ್ಲ. ಹಾಗಾದಾಗ ಸೆಳವಿನ ಅವಧಿಯ ದಾಖಲೆ ಸುಳ್ಳಾಗುತ್ತದೆ. ಪಶುವೈದ್ಯರು ಮೊದಲೇ ವಿಡಿಯೊ ಹಾಕಿ ವಿದ್ಯಾರ್ಥಿನಿಗೆ ತರಬೇತಿ ಕೊಟ್ಟಿದ್ದರಿಂದ ಈ ತಪ್ಪು ಆಗಲಿಲ್ಲ.

ಮುಗಿದ ಮೇಲೆ ಮರಿಯನ್ನು ಕೋಣೆಯಷ್ಟೇ ಬಿಸಿಯಿರುವ ನೀರಿನಲ್ಲಿ ಮೈ ತಣಿಸಿ, ಒರೆಸಿ, ಹದ ಬೆಚ್ಚಗಿನ ಹಾಸಿನ ಮೇಲೆ 15 ನಿಮಿಷ ಇಟ್ಟು ತಾಯಿಯ ಬಳಿ ಬಿಡುವುದು. ಹೋಲಿಕೆಯ ಮರಿಗಳಿಗೂ ಅದೇ ಜಾಡಿ, ಅದೇ ಕಡ್ಡಿ, ಅಷ್ಟೇ ಹೊತ್ತು. ಗಾಳಿ ಮಾತ್ರ ಬಿಸಿಯಿಲ್ಲ.

ಸಮಸ್ಯೆ

ಹೊಸ್ತಿಲನ್ನು ಪೆಂಟಿಲೀನ್‌ಟೆಟ್ರಜಾಲ್ ಎಂಬ, ಸೆಳವು ತರಿಸುವ ರಾಸಾಯನಿಕದಿಂದ ಅಳೆದರು. ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ ಇರುವ ದ್ರಾವಣವನ್ನು ಬಾಲದ ರಕ್ತನಾಳಕ್ಕೆ ಪಂಪಿನಿಂದ ನಿಮಿಷಕ್ಕೆ 1 ಮಿ.ಲೀ. ವೇಗದಲ್ಲಿ ಬಿಡುವುದು, ಮೊದಲ ಜಟಕೆ (ಮೈ ಹಠಾತ್ತನೆ ಅದುರುವುದು) ಕಂಡ ಕ್ಷಣ ಗಡಿಯಾರ ನಿಲ್ಲಿಸುವುದು. 250 ಗ್ರಾಂ ತೂಕದ ಇಲಿಗೆ 45 ಸೆಕೆಂಡಿಗೆ ಜಟಕೆ ಬಂತೆನ್ನಿ. ಒಳಗೆ ಹೋದದ್ದು 7.5 ಮಿ.ಗ್ರಾಂ, ಎಂದರೆ ಕಿಲೋಗೆ 30 ಮಿ.ಗ್ರಾಂ. ಈ ಅಂಕಿ ಕಡಿಮೆಯಾದಷ್ಟೂ ಆ ಮಿದುಳು ಸೆಳವಿಗೆ ಹತ್ತಿರ.

ಸೆಳವಿನ ಗುಂಪಿನ ಅಂಕಿ ಕಡಿಮೆ ಬರಬೇಕಿತ್ತು. ಬಂತು ಕೂಡ. ಆದರೆ ಹೋಲಿಕೆಯ ಗುಂಪಿನದೂ ಅಷ್ಟೇ ಕಡಿಮೆ ಬಂತು. ಎರಡಕ್ಕೂ ಅಂತರವೇ ಇಲ್ಲ.

ಇಲ್ಲಿಗೇ ಬರೆದು ಮುಗಿಸುವ ಯೋಚನೆ ಬಂದಿತ್ತು. ‘ಒಂದು ಸಲದ ದೀರ್ಘ ಸೆಳವಿನಿಂದ ಶಾಶ್ವತ ಪರಿಣಾಮ ಕಾಣಲಿಲ್ಲ’ ಎಂಬ ಫಲಿತಾಂಶವೂ ಒಂದು ಫಲಿತಾಂಶವೇ. ತಡೆದದ್ದು ಹಳೆಯ ಒಂದು ಹಾಳೆ. ಅದೇ ವರ್ಷ ಮಾರ್ಚಿನಲ್ಲಿ, ಪಂಪಿನ ವೇಗ ಹೊಂದಿಸಿಕೊಳ್ಳಲು, ಜನವರಿಯಲ್ಲಿ ಹುಟ್ಟಿದ ಕೆಲವು ಇಲಿಗಳ ಮೇಲೆ ಪರೀಕ್ಷೆ ನಡೆಸಿದ್ದರು. ಯಾವ ಪ್ರಯೋಗಕ್ಕೂ ಒಳಗಾಗದೆ ಬೆಳೆದಿದ್ದ ಆ ಇಲಿಗಳ ಹೊಸ್ತಿಲು ಜುಲೈನ ಹೋಲಿಕೆ ಗುಂಪಿಗಿಂತ ಸ್ಪಷ್ಟವಾಗಿ ಮೇಲಿತ್ತು. ಹಾಗಾದರೆ ಪ್ರಶ್ನೆ ತಿರುಗಿತು. ಸೆಳವು ಕಂಡ ಇಲಿಗಳಿಗೆ ಏನೂ ಆಗಲಿಲ್ಲವೇಕೆ ಎಂಬುದಲ್ಲ, ಸೆಳವು ಕಾಣದ ಇಲಿಗಳಿಗೆ ಏನಾಯಿತು ಎಂಬುದು.

ಹುಡುಕಿದ ದಾರಿಗಳು

ಮೊದಲು ರಾಸಾಯನಿಕದ ಮೇಲೆ ಅನುಮಾನ ಬಂತು. ಹೊಸ ದ್ರಾವಣ ಮಾಡಿ, ಮಾರ್ಚಿನ ತಂಡದ ಜೊತೆಯಲ್ಲೇ ಹುಟ್ಟಿ ಉಳಿದಿದ್ದ ಎರಡು ಇಲಿಗಳ ಮೇಲೆ ನೋಡಿದರು. ಅಂಕಿ ಮಾರ್ಚಿನಷ್ಟೇ ಬಂತು. ದ್ರಾವಣದ ತಪ್ಪಲ್ಲ. ಸೂಜಿಯ ತಪ್ಪೂ ಇರಲಾರದು ಎಂದು ಪಶುವೈದ್ಯರು ವಾದಿಸಿದರು, ನಮಗೂ ಅದು ಸರಿಯೆನಿಸುತ್ತದೆ. ಮಳೆಗಾಲದ ಚಳಿಗೆ ಇಲಿಯ ಬಾಲದ ರಕ್ತನಾಳ ಮುದುಡಿಕೊಳ್ಳುತ್ತದೆ, ಬೆಚ್ಚಗಿನ ನೀರಿನಲ್ಲಿ ಬಾಲ ಅದ್ದದಿದ್ದರೆ ಸೂಜಿ ಪಕ್ಕಕ್ಕೆ ಹೋಗಿ ದ್ರಾವಣ ಹೊರಗೇ ಸೋರುತ್ತದೆ. ಆದರೆ ಸೋರಿದಾಗ ಜಟಕೆ ತಡವಾಗಿ ಬಂದು ಹೊಸ್ತಿಲು ಸುಳ್ಳಾಗಿ ಹೆಚ್ಚು ಕಾಣುತ್ತದೆ. ಇಲ್ಲಿ ಆದದ್ದು ಅದಕ್ಕೆ ವಿರುದ್ಧ.

ಎರಡನೆಯದು ಕರೆಂಟು. ಜುಲೈನಲ್ಲಿ ಮರ ಬಿದ್ದು ತಂತಿ ಹರಿಯುವುದು, ವೋಲ್ಟೇಜು ಇಳಿಯುವುದು ಕೊಡಗಿನವರಿಗೆ ಹೊಸತಲ್ಲ. ಹೇರ್ ಡ್ರೈಯರಿನ ತಂತಿ ಕೊಡುವ ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಬದಲು 190 ವೋಲ್ಟ್ ಬಂದರೆ ಬಿಸಿ ಸುಮಾರು ಮೂರನೇ ಒಂದು ಪಾಲು ಕಡಿಮೆ. ದಾಖಲೆಯಲ್ಲಿ ಎರಡು ದಿನ ಮರಿಗಳು 39.5 ಮುಟ್ಟಲು ತುಂಬಾ ಹೊತ್ತು ತೆಗೆದುಕೊಂಡದ್ದು, ಸೆಳವಿನ ಅವಧಿ ಮೊಟಕಾದದ್ದು ಕಂಡಿತು. ಇದು ನಿಜವಾದ ದೋಷ. ಆದರೆ ಇದು ವಿವರಿಸುವುದು ಸೆಳವಿನ ಗುಂಪಿನ ಏರುಪೇರನ್ನು, ಹೋಲಿಕೆಯ ಗುಂಪು ಕುಸಿದದ್ದನ್ನಲ್ಲ.

ಮೂರನೆಯದು ಗುಂಡಿನ ಸದ್ದು. ಪರೀಕ್ಷೆಯ ದಿನಗಳು ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ ತಾಗಿದ್ದವು. ಹಬ್ಬಕ್ಕೆ ಕೋವಿ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಎಲ್ಲ ಕಡೆಯೂ ಇರುತ್ತವೆ. ಪ್ರಾಣಿಗೃಹದ ಹಿಂದಿನ ಮೈದಾನದಲ್ಲೂ ನಡೆದಿತ್ತು. ಹಠಾತ್ ಸದ್ದು ಇಲಿಗೆ ದೊಡ್ಡ ಒತ್ತಡ, ಹಾಗಾಗಿ ಅನುಮಾನ ಬಂದದ್ದು ಸಹಜ. ಹಬ್ಬಕ್ಕೆ ಮೊದಲು ಪರೀಕ್ಷಿಸಿದ ಇಲಿಗಳನ್ನೂ ಆಮೇಲೆ ಪರೀಕ್ಷಿಸಿದವನ್ನೂ ಬೇರ್ಪಡಿಸಿ ನೋಡಿದರು. ಎರಡೂ ಕಡೆ ಅಂಕಿ ಒಂದೇ ಥರ ಇತ್ತು.

ತಿರುವು ಬಂದದ್ದು ತೂಕದ ಪುಸ್ತಕದಿಂದ. ಹಾಲು ಬಿಡಿಸುವ ದಿನ, ಹುಟ್ಟಿದ 21ನೇ ದಿನಕ್ಕೆ, ಎಂಟೂ ಸೂಲಿನ ಮರಿಗಳು ಜನವರಿಯ ಮರಿಗಳಿಗಿಂತ ಹಗುರವಾಗಿದ್ದವು. ಸೆಳವಿನ ಗುಂಪು, ಹೋಲಿಕೆಯ ಗುಂಪು ಎಂಬ ಭೇದವಿಲ್ಲ. ಬಿಸಿಗಾಳಿಗೆ ಮೊದಲೇ, 9ನೇ ದಿನದ ತೂಕದಲ್ಲೇ ಈ ಕೊರತೆ ಇತ್ತು. ಹಾಗಾದರೆ ಕಾರಣ ಮೊದಲ ಒಂಬತ್ತು ದಿನಗಳೊಳಗೆ, ತಾಯಿಯ ಗೂಡಿನಲ್ಲೇ ಇರಬೇಕು. ವಿದ್ಯಾರ್ಥಿನಿ ಉಗ್ರಾಣದ ಪುಸ್ತಕ ತೆರೆದಳು. ಪಂಜರದ ಹಾಸಿಗೆ ಬಳಸುತ್ತಿದ್ದದ್ದು ಆಟೋಕ್ಲೇವ್ ಎಂಬ ಯಂತ್ರದಲ್ಲಿ ಹಬೆ ಹಾಯಿಸಿ ಕ್ರಿಮಿ ಕೊಂದ ಭತ್ತದ ಉಮಿ. ಜೂನ್ ಕೊನೆಯ ವಾರದಿಂದ ಉಮಿಯ ಖರ್ಚು ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಪ್ರಾಣಿಗೃಹ ನೋಡಿಕೊಳ್ಳುವ ಅಕ್ಕನನ್ನೇ ಕೇಳಿದಳು.

“ಅಕ್ಕಾ, ಮರಿ ಹಾಕಿದ ವಾರ ಉಮಿ ಯಾಕೆ ಇಷ್ಟು ಕಡಿಮೆ ತಗೊಂಡ್ರಿ?”

“ಒಣಗಿದ್ದು ಎಲ್ಲಿತ್ತು ಮೇಡಂ? ಆಟೋಕ್ಲೇವಿಂದ ತೆಗೆದ್ರೆ ಒದ್ದೆ, ಹರಡಿಟ್ರೂ ಮೂರು ದಿನ ಒಣಗ್ತಿರ್ಲಿಲ್ಲ. ಮೂಟೆ ತಳದಲ್ಲಿ ಬೂಸ್ಟು. ಒದ್ದೆ ಹಾಕಿದ್ರೆ ಮರಿಗೆ ಶೀತ ಆಗ್ತದಲ್ಲಾ ಅಂತ, ಚೆನ್ನಾಗಿರೋದನ್ನ ಆರಿಸಿ ಎರಡೆರಡು ಹಿಡಿ ಹಾಕ್ತಿದ್ದೆ. ಅದೂ ದಿನಾ ಬದಲಾಯಿಸ್ತಿದ್ದೆ.”

ಆಕೆ ಮಾಡಿದ್ದರಲ್ಲಿ ಮರಿಗಳ ಮೇಲಿನ ಕಾಳಜಿಯಲ್ಲದೆ ಬೇರೇನೂ ಇಲ್ಲ. ಒದ್ದೆ ಹಾಸಿನಿಂದ ಅಮೋನಿಯಾ ಏರುತ್ತದೆ, ಎಳೆಮರಿಯ ಮೈ ತಣ್ಣಗಾಗುತ್ತದೆ ಎಂಬ ಅವರ ಅಂದಾಜು ಸರಿಯೇ. ಹೇಳಿಕೊಡದೆ ಹೋದವರು ಉಳಿದವರು. 42 × 27 ಸೆಂ.ಮೀ. ತಳದ ಪಂಜರಕ್ಕೆ 3 ಸೆಂ.ಮೀ. ದಪ್ಪ ಉಮಿ ಬೇಕೆಂದರೆ ಸುಮಾರು 350 ಗ್ರಾಂ ಬೇಕು. ಹಾಕುತ್ತಿದ್ದದ್ದು ತಳ ಕಾಣುವಷ್ಟು. ಗೂಡು ಕಟ್ಟಲು ಬೇರೆ ಕಾಗದ ಕೊಡುವ ರೂಢಿಯೂ ಅಲ್ಲಿರಲಿಲ್ಲ. ದಿನವೂ ಬದಲಾಯಿಸಿದ್ದರಿಂದ ತಾಯಿ ಕಟ್ಟಿದ ಅಲ್ಪಸ್ವಲ್ಪ ಗೂಡೂ, ಅದರ ವಾಸನೆಯೂ ದಿನವೂ ಹೋಗುತ್ತಿತ್ತು.

ಇದನ್ನು ಓದುವಾಗ ಬಲ್ಲವರಿಗೆ ಒಂದು ಸಂಗತಿ ಥಟ್ಟನೆ ಹೊಳೆಯಬೇಕು. ಹುಟ್ಟಿದ 2ರಿಂದ 9ನೇ ದಿನದವರೆಗೆ ಹಾಸು ಮತ್ತು ಗೂಡಿನ ಸಾಮಗ್ರಿ ಕಡಿಮೆ ಮಾಡುವುದು ಎಳವೆಯ ದೀರ್ಘ ಒತ್ತಡಕ್ಕೆ ಬಳಸುವ ಹೆಸರಾಂತ ಮಾದರಿ. ಜ್ವರದ ಸೆಳವಿನ ಮಾದರಿಯನ್ನು ಕೊಟ್ಟ ಬರಾಮ್ ಅವರ ಪ್ರಯೋಗಾಲಯವೇ ಅದನ್ನೂ ಬೆಳೆಸಿತು. ಸಾಮಗ್ರಿ ಸಾಲದ ತಾಯಿ ಮರಿಗಳನ್ನು ಬಿಟ್ಟು ಹೋಗುವುದಿಲ್ಲ. ಆದರೆ ನೆಕ್ಕುವುದು, ಹಾಲೂಡುವುದು ತುಂಡುತುಂಡಾಗುತ್ತದೆ. ಗಳಿಗೆಗೊಮ್ಮೆ ಎದ್ದು ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಮರಿಗಳ ತೂಕ ಇಳಿಯುತ್ತದೆ, ಒತ್ತಡದ ಹಾರ್ಮೋನಿನ ವ್ಯವಸ್ಥೆ ಬದಲಾಗುತ್ತದೆ, ಮಿದುಳಿನ ಉದ್ರೇಕ ಹೆಚ್ಚುತ್ತದೆ. ಕೊಡಗಿನ ತಂಡ ತನಗೆ ಗೊತ್ತಿಲ್ಲದೆಯೇ ಎಂಟೂ ಸೂಲಿಗೆ ಆ ಪ್ರಯೋಗ ಮಾಡಿಬಿಟ್ಟಿತ್ತು. ಹೋಲಿಕೆಗೆಂದು ಇಟ್ಟ ಇಲಿಗಳು ಹೋಲಿಕೆಗೆ ತಕ್ಕವಾಗಿ ಉಳಿದಿರಲಿಲ್ಲ.

ಒಂದು ನಿರ್ಧಾರ

ಮಾರ್ಗದರ್ಶಕರಿಗೆ ಇದನ್ನು ಸಾಧಿಸಿ ತೋರಿಸುವ ಆಸೆಯಿತ್ತು. ಬೇಸಿಗೆಯಲ್ಲಿ ಆರು ಸೂಲು ತೆಗೆದುಕೊಂಡು, ಮೂರಕ್ಕೆ ತುಂಬು ಹಾಸು, ಮೂರಕ್ಕೆ ಬೇಕೆಂದೇ ತೆಳು ಹಾಸು ಹಾಕಿ ಹೊಸ್ತಿಲು ಅಳೆದರೆ ಉಮಿಯೇ ಕಾರಣವೆಂಬುದು ಖಾತ್ರಿಯಾಗುತ್ತಿತ್ತು. ನೈತಿಕ ಸಮಿತಿ ಒಪ್ಪಲಿಲ್ಲ. ತೆಳು ಹಾಸಿನ ಪರಿಣಾಮ ಬೇರೆಡೆ ಆಗಲೇ ಗೊತ್ತಿರುವಾಗ, ತಮ್ಮ ಮನೆಯ ತಪ್ಪನ್ನು ವಿವರಿಸಲೆಂದೇ ಇನ್ನಷ್ಟು ಮರಿಗಳನ್ನು ಒತ್ತಡಕ್ಕೆ ನೂಕುವುದು ಸರಿಯಲ್ಲ ಎಂಬುದು ಅವರ ಮಾತು. ತಪ್ಪನ್ನು ತಿದ್ದಿ, ಮೂಲ ಪ್ರಶ್ನೆಯನ್ನೇ ಮತ್ತೆ ಕೇಳಿ ಎಂದರು.

ಈ ತೀರ್ಪಿಗೆ ಬೆಲೆ ತೆರಬೇಕಾಯಿತು. ಜುಲೈನ ಕುಸಿತಕ್ಕೆ ಉಮಿಯೇ ಕಾರಣವೆಂದು ತಂಡ ಇಂದಿಗೂ ಎದೆತಟ್ಟಿ ಹೇಳುವಂತಿಲ್ಲ. ಚಳಿ, ತೇವ, ಕರೆಂಟು ಹೋದ ರಾತ್ರಿಗಳ ಕತ್ತಲೆ ಇವೂ ಕೂಡಿಕೊಂಡಿರಬಹುದು. ಹಾಗಿದ್ದರೂ ಸಮಿತಿ ಹೇಳಿದ್ದೇ ಸರಿ ಎಂದು ನಾವು ತಿಳಿಯುತ್ತೇವೆ. ಎಳೆಯ ಪ್ರಾಣಿಗಳ ನೋವಿನ ಮೇಲೆ ನಿಂತ ಕೆಲಸದಲ್ಲಿ, ಪ್ರತಿ ಮರಿಗೂ ಉತ್ತರ ಹೇಳುವ ಪ್ರಶ್ನೆ ಇರಲೇಬೇಕು.

ಎರಡನೇ ಸುತ್ತು

ತಿದ್ದುಪಡಿಗಳಲ್ಲಿ ದೊಡ್ಡದು ಅಂಕಿಅಂಶದ್ದು. ಮೊದಲ ಸುತ್ತಿನಲ್ಲಿ ಇಡೀ ಸೂಲನ್ನೇ ಒಂದು ಗುಂಪಿಗೆ ಕೊಟ್ಟು, 64 ಮರಿಗಳನ್ನು 64 ಬೇರೆಬೇರೆ ಮಾಪನಗಳೆಂದು ಎಣಿಸಿದ್ದರು. ಒಂದೇ ತಾಯಿಯ ಹಾಲು, ಒಂದೇ ಗೂಡು ಹಂಚಿಕೊಂಡ ಮರಿಗಳು ಒಂದನ್ನೊಂದು ಹೋಲುತ್ತವೆ. ನಿಜವಾದ ಎಣಿಕೆ 8, ಒಂದೊಂದು ಕಡೆ 4. ಇಷ್ಟು ಚಿಕ್ಕ ಎಣಿಕೆಯಲ್ಲಿ ಒಬ್ಬ ತಾಯಿ ಸ್ವಲ್ಪ ಒರಟಾದರೂ ಫಲಿತಾಂಶ ವಾಲುತ್ತದೆ. ಎರಡನೇ ಸುತ್ತಿನಲ್ಲಿ ಪ್ರತಿ ಸೂಲನ್ನೂ ಒಳಗೇ ಹಂಚಿದರು. ಕೆಲವು ಮರಿಗಳಿಗೆ ಬಿಸಿಯೂ ಸೆಳವೂ, ಕೆಲವಕ್ಕೆ ಬರೀ ಜಾಡಿ, ಕೆಲವಕ್ಕೆ ಬಿಸಿ ಇದ್ದು ಸೆಳವು ಇಲ್ಲ. ಮೂರನೆಯ ಗುಂಪಿಗೆ ಮೊದಲೇ ಪೆಂಟೊಬಾರ್ಬಿಟಲ್ ಎಂಬ ಮತ್ತು ಬರಿಸುವ ಔಷಧಿ ಕೊಟ್ಟು ಸೆಳವನ್ನು ತಡೆಯಬೇಕು. ಈ ಗುಂಪಿಲ್ಲದಿದ್ದರೆ ಕಂಡ ಪರಿಣಾಮ ಸೆಳವಿನದೋ ಬಿಸಿಯದೋ ಹೇಳಲಾಗದು. ಔಷಧಿ ನಿಯಂತ್ರಿತ ಪಟ್ಟಿಯಲ್ಲಿರುವುದರಿಂದ ಪರವಾನಗಿಗೆ ತಿಂಗಳುಗಟ್ಟಲೆ ಹಿಡಿಯಿತು. ಮೊದಲ ಸುತ್ತಿನಲ್ಲಿ ಈ ಗುಂಪನ್ನು ಕೈಬಿಟ್ಟದ್ದೂ ಅದಕ್ಕೇ. ಕಾಯಬೇಕಿತ್ತು.

ಒಂದೇ ಸೂಲಿನ ಮರಿಗಳನ್ನೆಲ್ಲ ಒಟ್ಟಿಗೆ ಹೊರತೆಗೆದು, ಒಟ್ಟಿಗೇ ವಾಪಸು ಬಿಡುವುದು, ಬಿಡುವ ಮೊದಲು ಅವುಗಳದೇ ಪಂಜರದ ಉಮಿಯಲ್ಲಿ ಹೊರಳಿಸುವುದು ಎಂದು ಗೊತ್ತುಮಾಡಿದರು. ಇಲ್ಲದಿದ್ದರೆ ತಾಯಿ ಬೇರೆ ವಾಸನೆಯ ಮರಿಯನ್ನು ದೂರವಿಡಬಹುದು. ಹೊಸ್ತಿಲು ಅಳೆಯುವವರಿಗೆ ಯಾವ ಇಲಿ ಯಾವ ಗುಂಪಿನದೆಂದು ತಿಳಿಸಲಿಲ್ಲ. ಹೇರ್ ಡ್ರೈಯರಿಗೆ ಸ್ಟೆಬಿಲೈಸರ್ ಬಂತು, ಕೋಣೆಗೆ ತೇವ ಹೀರುವ ಯಂತ್ರ ಬಂತು. ನಮ್ಮ ದೇಶದ ಮಾರ್ಗಸೂಚಿ ಪ್ರಾಣಿಗೃಹಕ್ಕೆ 18ರಿಂದ 29 ಡಿಗ್ರಿ ಬಿಸಿ, ಶೇಕಡಾ 30ರಿಂದ 70 ತೇವ ಇರಬೇಕೆನ್ನುತ್ತದೆ. ಜುಲೈನ ಕೊಡಗಿನಲ್ಲಿ ಕೋಣೆ 18ರಲ್ಲೇ ನಿಂತಿದ್ದರೂ ನಿಯಮದ ಪ್ರಕಾರ ಸರಿ. ಆದರೆ ಮೈಬಿಸಿ ತಾನೇ ಕಾಯ್ದುಕೊಳ್ಳಲಾರದ ಹತ್ತು ದಿನದ ಮರಿಗೆ ತೆಳು ಗೂಡಿನಲ್ಲಿ ಅದು ಸಾಲದು. ಹೀಟರ್ ಇಟ್ಟು 22–24ಕ್ಕೆ ನಿಲ್ಲಿಸಿದರು.

ಉಮಿಯ ವಿಷಯವನ್ನು ಅಕ್ಕನ ಕೈಗೇ ಬಿಟ್ಟರು. ಮಾರ್ಚ್ ಕಳೆದು ಕಾಫಿ ಕಣಗಳು ಖಾಲಿಯಾದ ಮೇಲೆ, ಏಪ್ರಿಲ್ ಬಿಸಿಲಿಗೆ ಕಣ ಗುಡಿಸಿ ಉಮಿ ಒಣಗಿಸಿ, ಆಟೋಕ್ಲೇವ್ ಮಾಡಿ, ಮತ್ತೆ ಒಣಗಿಸಿ, ಬಾಯಿ ಬಿಗಿವ ಡ್ರಮ್ಮುಗಳಲ್ಲಿ ತುಂಬಿಟ್ಟರು. ಪ್ರತಿ ತಾಯಿಗೂ ತೂಗಿದ ಉಮಿ, ಜೊತೆಗೆ ಹರಿದ ಬಿಳಿ ಕಾಗದ. 2ರಿಂದ 9ನೇ ದಿನದವರೆಗೆ ಪಂಜರ ಮುಟ್ಟುವಂತಿಲ್ಲ. ತೀರಾ ಒದ್ದೆಯಾದರೆ ಆ ಮೂಲೆಯನ್ನಷ್ಟೇ ತೆಗೆದು ತುಂಬುವುದು, ಗೂಡನ್ನು ಕದಲಿಸದಿರುವುದು.

ಏನಾಯಿತು

ಸುತ್ತನ್ನು ಎರಡು ಸಲ ಮಾಡಿದರು, ಜನವರಿಯಲ್ಲೊಮ್ಮೆ, ಜುಲೈನಲ್ಲೊಮ್ಮೆ. ಮಳೆಗಾಲವನ್ನು ತಪ್ಪಿಸಿ ಕೆಲಸ ಮಾಡುವುದು ಸುಲಭವಿತ್ತು. ತಪ್ಪಿಸದೆ ಹೋದದ್ದು ಒಳ್ಳೆಯದಾಯಿತು. ಜನವರಿಯಲ್ಲಿ ಸೆಳವು ಕಂಡ ಮರಿಗಳ ಹೊಸ್ತಿಲು ಅದೇ ಸೂಲಿನ ಉಳಿದೆರಡು ಗುಂಪಿನವಕ್ಕಿಂತ ಇಳಿದಿತ್ತು. ಬಿಸಿ ಮಾತ್ರ ಕಂಡವು ಬರೀ ಜಾಡಿ ಕಂಡವುಗಳ ಹತ್ತಿರವೇ ಇದ್ದವು. ಜುಲೈನಲ್ಲೂ ದಿಕ್ಕು ಅದೇ, ಆದರೆ ಸೂಲಿನಿಂದ ಸೂಲಿಗೆ ಏರುಪೇರು ಹೆಚ್ಚು. ಹೋಲಿಕೆಯ ಗುಂಪು ಮತ್ತೆ ಕುಸಿಯಲಿಲ್ಲ. 9ನೇ ದಿನದ ತೂಕವೂ ಜನವರಿಯ ಮಟ್ಟಕ್ಕೆ ಬಂತು.

ಬರೆಯುವಾಗ ಶೀರ್ಷಿಕೆಯ ಒಂದು ಪದಕ್ಕೆ ಬಹಳ ಚರ್ಚೆಯಾಯಿತು. ಮೊದಲ ಕರಡಿನಲ್ಲಿ ‘ಅಪಸ್ಮಾರ’ ಎಂದಿತ್ತು. ಪಶುವೈದ್ಯರು ಅದನ್ನು ಹೊಡೆದುಹಾಕಿದರು. ಹೊಸ್ತಿಲು ಇಳಿದಿದೆ ಎಂದರೆ ರಾಸಾಯನಿಕ ಕೊಟ್ಟಾಗ ಬೇಗ ಸೆಳವು ಬರುತ್ತದೆ ಎಂದಷ್ಟೇ ಅರ್ಥ. ಯಾರೂ ಏನೂ ಮಾಡದೆ ತಾನಾಗಿ ಸೆಳವು ಬಂದರೆ ಮಾತ್ರ ಅಪಸ್ಮಾರ. ಈ ಎರಡರ ಅಂತರ ಎಷ್ಟು ದೊಡ್ಡದೆಂಬುದಕ್ಕೆ ಈ ಮಾದರಿಯ ಇತಿಹಾಸವೇ ಸಾಕ್ಷಿ. 2000ದಲ್ಲಿ ಸೆಲಿನ್ ದುಬೆ ಮತ್ತು ಬರಾಮ್ ಅವರ ತಂಡ ಬೆಳೆದ ಇಲಿಗಳಲ್ಲಿ ಸೆಳವಿನ ಒಲವು ಹೆಚ್ಚಿದ್ದನ್ನು ಕಂಡಿತು, ತಾನಾಗಿ ಬರುವ ಸೆಳವು ಕಾಣಲಿಲ್ಲ. 2006ರಲ್ಲಿ ಅದೇ ತಂಡ ವಿಡಿಯೊ ಜೊತೆ ಇಇಜಿಯನ್ನು (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ದೀರ್ಘಕಾಲ ಹಾಕಿ ನೋಡಿದಾಗ ಸುಮಾರು 35 ಶೇಕಡಾ ಇಲಿಗಳಲ್ಲಿ ಅದು ಸಿಕ್ಕಿತು. ಮಿದುಳು ಬದಲಾದದ್ದಲ್ಲ, ನೋಡುವ ಕ್ರಮ ಬದಲಾಯಿತು. 2010ರಲ್ಲಿ ಎಳವೆಯ ಸೆಳವನ್ನು ಸುಮಾರು ಒಂದು ಗಂಟೆಗೆ ಎಳೆದಾಗ ಆ ಪಾಲು ಸುಮಾರು 45 ಶೇಕಡಾ ಆಯಿತು. ಕೊಡಗಿನ ತಂಡದ ಬಳಿ ಇಇಜಿ ಇರಲಿಲ್ಲ. ಆದ್ದರಿಂದ ‘ಸೆಳವಿನ ಒಲವು’ ಎಂದು ತಿದ್ದಿ ಬರೆದರು.

ಇದೇ ಎಚ್ಚರ ಹೊರಗೆ ಮಾತಾಡುವಾಗಲೂ ಬೇಕು. ಜ್ವರದಲ್ಲಿ ಮಗುವಿಗೆ ಫಿಟ್ಸ್ ಬಂತೆಂದು ಓಡಿಬರುವ ತಾಯಿಗೆ ಇಲಿಯ ಅಂಕಿ ಹೇಳಿ ಹೆದರಿಸಬಾರದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಬರುವ ಜ್ವರದ ಸೆಳವು ಹೆಚ್ಚಿನಂಶ ಕೆಲವೇ ನಿಮಿಷದ್ದು. ಅಂಥ ಮಕ್ಕಳಲ್ಲಿ ಬಹುಪಾಲಿಗೆ ಮುಂದೆ ಅಪಸ್ಮಾರ ಬರುವುದಿಲ್ಲ. ಇಲಿಮರಿಗೆ ತರಿಸುವುದು ದೀರ್ಘ ಸೆಳವು. ಮಗುವಿನ ಸೆಳವು ಐದು ನಿಮಿಷ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು, ತೋಟದ ಲೈನ್‌ಮನೆಯಿಂದ ದಾರಿ ಎಷ್ಟೇ ದೂರವಿರಲಿ.

ಮೊದಲ ಸುತ್ತಿನ 64 ಇಲಿಗಳ ಅಂಕಿಗಳನ್ನು ಎಸೆಯಲಿಲ್ಲ. ಉಮಿಯ ಪುಸ್ತಕದ ಲೆಕ್ಕ, 9ನೇ ದಿನದ ತೂಕ ಎಲ್ಲ ಸೇರಿಸಿ, ಹೋಲಿಕೆಯ ಗುಂಪು ಕೆಟ್ಟದ್ದು ಹೇಗೆಂದು ವರದಿಯ ಅನುಬಂಧದಲ್ಲಿ ಪೂರ್ತಿ ಕೊಟ್ಟರು. ಈಗ ಆ ಪ್ರಾಣಿಗೃಹದ ಪ್ರತಿ ಪಂಜರದ ಚೀಟಿಯಲ್ಲಿ ಹೆರಿಗೆಯ ದಿನಾಂಕದ ಕೆಳಗೆ ಎರಡು ಸಾಲು ಹೆಚ್ಚಾಗಿವೆ: ಉಮಿ ಎಷ್ಟು ಗ್ರಾಂ, ಗೂಡಿನ ಕಾಗದ ಎಷ್ಟು ಗ್ರಾಂ. ತುಂಬುವವರು ಅಕ್ಕನೇ, ಪಕ್ಕದಲ್ಲಿ ಸಹಿಯೂ ಅವರದೇ.